ಕಾಂಟೆಸ್ಟ್ ಲಾಗ್ ಕಂಪ್ಯೂಟರ್‌ಗೆ, ಆದರೆ ಪ್ಯಾಡಲ್ ಬಿಡಲು ಮನಸ್ಸಿಲ್ಲ

ಮೋರ್ಸ್‌ಪ್ರಿಯ:
ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಮೊದಲಿನಿಂದಲೂ ಸಂಪರ್ಕಗಳ ದಾಖಲೆಯನ್ನು, ಅಂದರೆ ಲಾಗ್ ಅನ್ನು, ಪುಸ್ತಕದಲ್ಲೇ ಬರೆದುಕೊಂಡು ಬಂದವನು ನಾನು. ನವೆಂಬರ್ ಕೊನೆಯ ವಾರಾಂತ್ಯದ ಸಿಕ್ಯೂ ವರ್ಲ್ಡ್‌ವೈಡ್ ಸಿಡಬ್ಲ್ಯೂ (ಮೋರ್ಸ್ ಸಂಕೇತದ) ಕಾಂಟೆಸ್ಟ್‌ಗೆ ಈ ಸಲ ಎನ್‌ವನ್‌ಎಂಎಂ ಎಂಬ ಲಾಗ್ ತಂತ್ರಾಂಶ ಹಾಕಿಕೊಂಡು ಕೂರೋಣ ಅಂತಿದ್ದೇನೆ. ಆರು ಬ್ಯಾಂಡಿಗೆ (ಫ್ರೀಕ್ವೆನ್ಸಿ ಪಟ್ಟಿಗೆ) ಆರು ಡೂಪ್ ಶೀಟ್ (ಅದೇ ಸ್ಟೇಷನ್ ಎರಡನೇ ಸಲ ಬಂದರೆ ಡೂಪ್) ಹರಡಿಕೊಂಡು, ಈ ಸ್ಟೇಷನ್ ಮೊದಲೇ ಸಿಕ್ಕಿತ್ತೇ ಎಂದು ಹುಡುಕುವಷ್ಟರಲ್ಲಿ ಅದು ಇನ್ನೊಬ್ಬರ ಜೊತೆ ಮಾತಾಡುತ್ತಿರುತ್ತದೆ. ಆದರೆ ಎರಡು ಅಳುಕು. ಕಣ್ಣು ಪರದೆಗೆ ಅಂಟಿಕೊಂಡರೆ ಕಿವಿ ಮಂಕಾಗುವುದಿಲ್ಲವೇ? ಮತ್ತೆ, ಎಲ್ಲವನ್ನೂ ಯಂತ್ರದಿಂದಲೇ ಕಳಿಸುವುದು ನನಗೆ ಒಗ್ಗದು. ಪ್ಯಾಡಲ್ (ಕೈಯಿಂದ ಮೋರ್ಸ್ ಕಳಿಸುವ ಕೀ) ಇಟ್ಟುಕೊಂಡೇ ಈ ತಂತ್ರಾಂಶ ಬಳಸಲು ಸಾಧ್ಯವೇ?

ನಲವತ್ತು ಮೀಟರ್:
ಸರ್, ಪ್ಯಾಡಲ್ ಬಿಡಲೇಬೇಡಿ. ನಡುವೆ ವಿನ್‌ಕೀಯರ್ ಎಂಬ ಮೋರ್ಸ್ ಕಳಿಸುವ ಸಾಧನ ಇಟ್ಟರೆ ಪ್ಯಾಡಲ್ಲೂ ಕಂಪ್ಯೂಟರೂ ಅದಕ್ಕೇ ಸೇರುತ್ತವೆ, ಅಲ್ಲಿಂದ ರಿಗ್‌ಗೆ (ರೇಡಿಯೊಗೆ) ಒಂದೇ ತಂತಿ. ಎಫ್1 ಕೀಲಿ ಸಿಕ್ಯೂ (ಯಾರಾದರೂ ಬನ್ನಿ ಎಂಬ ಕರೆ) ಹೊಡೆಯುತ್ತಿರುವಾಗ ಪ್ಯಾಡಲ್ ಮುಟ್ಟಿದರೆ ಸಾಕು, ಯಂತ್ರ ನಿಂತು ಕೈಗೆ ದಾರಿ ಬಿಡುತ್ತದೆ. ನಾನು ಸಿಕ್ಯೂ ಮಾತ್ರ ಎಫ್1ಗೆ ಬಿಟ್ಟಿದ್ದೇನೆ. ಉತ್ತರ, ರಿಪೀಟು, ಗುರುತಿನವರಿಗೊಂದು ನಮಸ್ಕಾರ, ಎಲ್ಲ ಕೈಯಲ್ಲೇ. 48 ಗಂಟೆ ಸಿಕ್ಯೂವನ್ನೂ ಕೈಯಲ್ಲೇ ಹೊಡೆಯುತ್ತೇನೆಂದರೆ ಮಣಿಕಟ್ಟು ಒಪ್ಪುವುದಿಲ್ಲ.

ಇನ್ನು ಕಿವಿಯ ವಿಷಯ. ಲೆಕ್ಕ ಕಂಪ್ಯೂಟರ್‌ಗೆ, ಕೇಳುವುದು ನಮಗೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಡೂಪ್ ನೋಡುವುದು, ಸಮಯ ಬರೆಯುವುದು, ರಿಗ್‌ನಿಂದ ಫ್ರೀಕ್ವೆನ್ಸಿ ಎತ್ತಿಕೊಳ್ಳುವುದು ಅದರ ಪಾಲಿಗಿರಲಿ. ಕಾಲ್‌ಸೈನ್ (ಸ್ಟೇಷನ್‌ನ ಗುರುತು) ತೀರ್ಮಾನಿಸುವ ಕೆಲಸ ಮಾತ್ರ ಕೊಡಬೇಡಿ. ಕೆಲವು ಅಕ್ಷರ ಟೈಪ್ ಮಾಡುತ್ತಿದ್ದಂತೆಯೇ ಪಕ್ಕದಲ್ಲಿ ಸೂಪರ್ ಚೆಕ್ ಪಾರ್ಷಿಯಲ್ ಪಟ್ಟಿ ಬರುತ್ತದೆ. ಹಿಂದಿನ ಕಾಂಟೆಸ್ಟ್‌ಗಳ ಲಾಗ್‌ಗಳಿಂದ ಕೂಡಿಹಾಕಿದ ಕಾಲ್‌ಸೈನ್‌ಗಳವು. ಇಂಥ ಕಾಲ್‌ಸೈನ್ ಒಂದಿದೆ ಎನ್ನುವಷ್ಟೇ ಅದಕ್ಕೆ ಗೊತ್ತು, ಈಗ ಕರೆದವರು ಯಾರೆಂದು ಗೊತ್ತಿಲ್ಲ. ಕೊನೆಯಲ್ಲಿ ಮೂರು ಡಿಟ್ಟೋ (ಮೋರ್ಸ್ ಚುಕ್ಕೆಯೋ) ನಾಲ್ಕೋ, ಎಸ್ಸೋ ಎಚ್ಚೋ ಎಂಬ ಅನುಮಾನವಿದ್ದಾಗ, ಪಟ್ಟಿಯಲ್ಲಿ ಎಚ್ ಇದೆಯೆಂದು ಎಂಟರ್ ಒತ್ತಿ ಅದು ತಪ್ಪಾದರೆ ತಪಾಸಣೆಯಲ್ಲಿ ಆ ಸಂಪರ್ಕವೂ ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ. ಪ್ರಶ್ನೆ ಚಿಹ್ನೆ ಕಳಿಸಿ ಇನ್ನೊಮ್ಮೆ ಕೇಳಿಸಿಕೊಳ್ಳಿ. ಎದುರಿನವರಿಗೂ ತಮ್ಮ ಕಾಲ್‌ಸೈನ್ ಸರಿಯಾಗಿ ಹೋಗುವುದೇ ಬೇಕು.

ಜೋನ್ (ಎದುರಿನವರು ಕಳಿಸುವ ತಮ್ಮ ಪ್ರದೇಶದ ಸಂಖ್ಯೆ) ಕೂಡ ಹಾಗೇ. ಕಾಲ್‌ಸೈನ್ ನೋಡಿ ತಂತ್ರಾಂಶವೇ ತುಂಬಿಬಿಡುತ್ತದೆ. ಅಮೆರಿಕದ ಮುಖ್ಯಭೂಮಿಯಲ್ಲಿ 3, 4, 5 ಮೂರೂ ಇವೆ, ಊರು ಬದಲಿಸಿದರೂ ಹಳೇ ಕಾಲ್‌ಸೈನೇ ಇಟ್ಟುಕೊಂಡವರು ಅಲ್ಲಿ ಬಹಳ. ತುಂಬಿದ್ದು 4, ಕೇಳಿದ್ದು 5 ಆದರೆ 5 ಬರೆಯಿರಿ.

ದೊಡ್ಡ ಲಾಭ ಮಲ್ಟಿಪ್ಲೈಯರ್‌ನಲ್ಲಿ: ಪ್ರತಿ ಬ್ಯಾಂಡಿನ ಹೊಸ ಜೋನ್, ಹೊಸ ದೇಶ ಒಂದೊಂದು ಮಲ್ಟ್, ಅಂಕಗಳನ್ನು ಗುಣಿಸುವುದು ಅದರಿಂದಲೇ. ನಿಮ್ಮ ಬಳಿ 600 ಅಂಕ, ಜೋನೂ ದೇಶವೂ ಸೇರಿ 120 ಮಲ್ಟ್ ಇದೆ ಅಂತಿಟ್ಟುಕೊಳ್ಳಿ. ಗುಣಿಸಿದರೆ 72,000. ಬೇರೆ ಖಂಡದ ಮಾಮೂಲಿ ಸ್ಟೇಷನ್ 3 ಅಂಕ ಕೊಡುತ್ತದೆ, ಮೊತ್ತ 360 ಏರುತ್ತದೆ. ಅದೇ ಆ ಬ್ಯಾಂಡಿಗೆ ಹೊಸ ದೇಶವಾದರೆ 963. ಪೈಲಪ್‌ನಲ್ಲಿ (ಒಬ್ಬರನ್ನೇ ಹಲವರು ಕರೆಯುವ ನೂಕುನುಗ್ಗಲಿನಲ್ಲಿ) ಕಾಯಬೇಕೋ ಮುಂದೆ ಸಾಗಬೇಕೋ ಎನ್ನುವುದು ಈ ಲೆಕ್ಕದ ಮೇಲೆ ನಿಂತಿದೆ, ಕಾಗದದಲ್ಲಿ ಅದು ಆ ಕ್ಷಣಕ್ಕೆ ಸಿಗುವುದಿಲ್ಲ. ಪರದೆಯಲ್ಲಿ ಕೆಂಪಾದರೆ ಮಲ್ಟ್, ಬೂದುಬಣ್ಣವಾದರೆ ಡೂಪ್. ಒಂದು ನೋಟ ಸಾಕು, ಕಣ್ಣು ಅಲ್ಲೇ ನಿಲ್ಲಬೇಕಿಲ್ಲ.

ಯಾರು ಎಲ್ಲಿ ಸಿಗುತ್ತಾರೆಂದು ಇಂಟರ್ನೆಟ್‌ನಲ್ಲಿ ತಿಳಿಸುವ ಕ್ಲಸ್ಟರ್ ಜೋಡಿಸಿದರೆ ಅಸಿಸ್ಟೆಡ್ (ನೆರವು ಪಡೆದವರ) ವಿಭಾಗಕ್ಕೆ ಸೇರುತ್ತೀರಿ. ಮೊದಲ ಸಲ ಅದು ಬೇಡ, ಡಯಲ್ ತಿರುಗಿಸಿಯೇ ಹುಡುಕಿ.

ಫೆರೈಟ್:
ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಇನ್ನೊಂದು ಮಾತು: ಪೂರ್ತಿ ಪವರ್‌ನಲ್ಲಿ ಪ್ರತಿ ಬ್ಯಾಂಡಿನಲ್ಲೂ ಮೊದಲೇ ಪರೀಕ್ಷೆ ಮಾಡಿ. 20 ಮೀಟರ್‌ನಲ್ಲಿ ಸರಿಯಿದ್ದ ಯುಎಸ್‌ಬಿ ಸಂಪರ್ಕ 10 ಮೀಟರ್‌ನಲ್ಲಿ ಕೀ ಒತ್ತಿದೊಡನೆ ರೇಡಿಯೊ ಅಲೆ ಕೇಬಲ್ಲಿಗೆ ನುಗ್ಗಿ ಕಡಿದುಹೋಗಬಹುದು. ಕೇಬಲ್ಲನ್ನು ಅದನ್ನು ತಡೆಯುವ 31ನೇ ಮಿಕ್ಸ್ ಫೆರೈಟ್ ಉಂಗುರದೊಳಗೆ ಕೆಲವು ಸುತ್ತು ಹಾಯಿಸಿ. ವಿಂಡೋಸ್ ವಿದ್ಯುತ್ ಉಳಿಸಲೆಂದು ಯುಎಸ್‌ಬಿ ಪೋರ್ಟ್ ಮಲಗಿಸುವುದನ್ನು ಆಫ್ ಮಾಡಿ, ಅಪ್‌ಡೇಟ್ ತಡೆಹಿಡಿಯಿರಿ, ಗಡಿಯಾರವನ್ನು ಯುಟಿಸಿಗೆ (ಜಾಗತಿಕ ಸಮಯಕ್ಕೆ) ಸರಿಹೊಂದಿಸಿ. ಬೆರಳು ಪಳಗಲು ಸಿಡಬ್ಲ್ಯೂಟಿ ಎಂಬ ವಾರದ ಪುಟ್ಟ ಸ್ಪರ್ಧೆ ಇದೆ, ಬುಧವಾರ 13:00 ಯುಟಿಸಿಗೆ ಒಂದು ಗಂಟೆ. ಅದೂ ಆಗದಿದ್ದರೆ ಮೋರ್ಸ್ ರನ್ನರ್ ಎಂಬ ಅಭ್ಯಾಸದ ತಂತ್ರಾಂಶ.

ಮೋರ್ಸ್‌ಪ್ರಿಯ:
ತುಂಬಾ ಧನ್ಯವಾದ. ವಿನ್‌ಕೀಯರ್ ವಿಷಯ ಕೇಳಿ ಸಮಾಧಾನವಾಯಿತು. ಇನ್ನೊಂದೇ ಪ್ರಶ್ನೆ: ಆಡಿಯೊ ರೆಕಾರ್ಡ್ ಮಾಡಿಟ್ಟು, ಮುಗಿದ ಮೇಲೆ ಕೇಳಿ ತಪ್ಪಿದ ಕಾಲ್‌ಸೈನ್ ತಿದ್ದಬಹುದೇ?

ನಲವತ್ತು ಮೀಟರ್:
ಇಲ್ಲ ಸರ್, ನಿಯಮದಲ್ಲೇ ಬೇಡವೆಂದಿದೆ. ರೆಕಾರ್ಡಿಂಗ್ ಆಗಲಿ, ಡೇಟಾಬೇಸ್ ಆಗಲಿ, ಇಮೇಲ್ ಆಗಲಿ, ಕಾಂಟೆಸ್ಟ್ ಮುಗಿದ ಮೇಲೆ ಅವನ್ನು ನೋಡಿ ಕಾಲ್‌ಸೈನ್, ಎಕ್ಸ್‌ಚೇಂಜ್ (ಪರಸ್ಪರ ಕಳಿಸಿಕೊಂಡ ಮಾಹಿತಿ) ತಿದ್ದುವಂತಿಲ್ಲ. ಬೆರಳು ತಪ್ಪಿದ್ದು ಆಗಲೇ ಗೊತ್ತಾದರೆ ಕಂಟ್ರೋಲ್ ಮತ್ತು ವೈ ಒತ್ತಿ, ಹಿಂದಿನ ಸಂಪರ್ಕ ತೆರೆದುಕೊಳ್ಳುತ್ತದೆ, ಅಲ್ಲೇ ಸರಿಮಾಡಿ. ಡೂಪ್‌ಗಳನ್ನೂ ಅಳಿಸಬೇಡಿ, ಅವಕ್ಕೆ ದಂಡವಿಲ್ಲ. ಕ್ಯಾಬ್ರಿಲೊ ಕಡತ (ಲಾಗ್ ಸಲ್ಲಿಸುವ ನಮೂನೆ) ತೆಗೆದು 5 ದಿನದೊಳಗೆ ಕಳಿಸಿಬಿಡಿ. ಬ್ಯಾಂಡಿನಲ್ಲಿ ಸಿಗೋಣ. 73 (ಶುಭಾಶಯ).