ಹೊನ್ನಾವರ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿದೆ, ಹೆಸರು ಮಾತ್ರ ಎರಡರಲ್ಲೂ ಇಲ್ಲ: ಮುಂದಿನ ಪುನರ್ವಿಂಗಡಣೆಯಲ್ಲಿ ನಾವು ಏನನ್ನು ಕೇಳಬೇಕು?

ಶರಾವತಿ ದಡದವ (ಹೊನ್ನಾವರ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಕಿ ಕಡೆಯ ಊರು. ಪಹಣಿಗೆ, ಕೋರ್ಟಿಗೆ, ತಾಲೂಕಾ ಆಸ್ಪತ್ರೆಗೆ ನಾವು ಹೋಗುವುದು ಹೊನ್ನಾವರಕ್ಕೆ. ಶಾಸಕರನ್ನು ಆರಿಸುವುದು ಮಾತ್ರ ಭಟ್ಕಳ ಕ್ಷೇತ್ರದಿಂದ. ಹೊನ್ನಾವರ ಪಟ್ಟಣದವರು ಮತ ಹಾಕುವುದು ಕುಮಟಾ ಕ್ಷೇತ್ರದಲ್ಲಿ. ಪತ್ರಿಕೆಯವರು ರೂಢಿಯಲ್ಲಿ ‘ಕುಮಟಾ-ಹೊನ್ನಾವರ’ ಎಂದೂ ‘ಭಟ್ಕಳ-ಹೊನ್ನಾವರ’ ಎಂದೂ ಬರೆಯುತ್ತಾರಾದರೂ, ಅಧಿಕೃತ ಪಟ್ಟಿಯಲ್ಲಿ ಇರುವುದು ‘ಕುಮಟಾ’ ಮತ್ತು ‘ಭಟ್ಕಳ’ ಅಷ್ಟೇ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ವಿಧಾನಸಭೆಯಿಂದಲ್ಲ, ಗ್ರಾಮ ಪಂಚಾಯತ ವಾರ್ಡಿನಿಂದ. ಹಿಂದಿನ ಸಲ ವಾರ್ಡುಗಳನ್ನು ಮಾಡುವಾಗ ನಮ್ಮ ಕೇರಿಯ ನಡುವಿನ ಮಣ್ಣುರಸ್ತೆಯನ್ನೇ ಗಡಿಯಾಗಿ ಹಿಡಿದರು. ನಮ್ಮ ಮನೆ ಒಂದು ವಾರ್ಡಿಗೆ ಬಂತು, ರಸ್ತೆಯಾಚೆಗಿನ ಚಿಕ್ಕಪ್ಪನ ಮನೆ ಇನ್ನೊಂದಕ್ಕೆ ಹೋಯಿತು. ಎರಡು ಮನೆಗೂ ಬಾವಿ ಒಂದೇ, ಹಳ್ಳ ದಾಟುವ ಕಾಲುಸಂಕ ಒಂದೇ. ಆ ಸಂಕ ಮುರಿದ ವರ್ಷ ಎರಡೂ ವಾರ್ಡಿನ ಸದಸ್ಯರು ಅದು ತಮ್ಮ ವಾರ್ಡಿಗೆ ಬರುವುದಿಲ್ಲವೆಂದು ಹೇಳಿದರು. ಮಳೆಗಾಲ ಪೂರ್ತಿ ಮೂರು ಅಡಿಕೆ ದಬ್ಬೆಗಳನ್ನು ಹಗ್ಗದಿಂದ ಬಿಗಿದು ಹಾಸಿಕೊಂಡು, ಶಾಲೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಿದೆವು.

2026ರ ನಂತರದ ಮೊದಲ ಜನಗಣತಿಯ ಮೇಲೆ ವಿಧಾನಸಭೆ, ಲೋಕಸಭೆಯ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕೆಂದು ಸಂವಿಧಾನದ 84ನೇ ತಿದ್ದುಪಡಿ ಹೇಳುತ್ತದೆ. ಆ ಹೊತ್ತಿಗೆ ಒಂದು ತಾಲೂಕನ್ನು, ಒಂದು ಕೇರಿಯನ್ನು ಒಡೆಯದೆ ಉಳಿಸಿಕೊಳ್ಳಲು ಜನಸಾಮಾನ್ಯರು ಏನು ಮಾಡಬಹುದು? ಕ್ಷೇತ್ರದ ಹೆಸರಿನ ಬಗ್ಗೆಯೂ ಮನವಿ ಕೊಡಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ತಲಾಟಿ (ಕುಮಟಾ) ಬರೆದದ್ದು:

ತಮ್ಮಾ, ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಗಡಿಕಲ್ಲು, ನಕ್ಷೆಗಳ ನಡುವೆಯೇ ಕಳೆದವನಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಮೊದಲು ಕಾನೂನು. 2002ರ ಪುನರ್ವಿಂಗಡಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕ್ಷೇತ್ರವು ಸಾಧ್ಯವಾದಷ್ಟು ಒತ್ತಾಗಿರುವ ಒಂದು ಭೂಭಾಗವಾಗಿರಬೇಕು. ನೆಲದ ಸ್ವರೂಪ, ಈಗಿರುವ ಆಡಳಿತ ಘಟಕಗಳ ಗಡಿ, ಸಂಚಾರ ಸೌಕರ್ಯ ಮತ್ತು ಸಾರ್ವಜನಿಕರ ಅನುಕೂಲ, ಈ ನಾಲ್ಕನ್ನು ಗಮನಿಸಬೇಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಇದೇ ಕಾಯ್ದೆಯಡಿ 2001ರ ಜನಗಣತಿಯನ್ನು ಹಿಡಿದು ಕೆಲಸ ಮಾಡಿತು, ಮತ್ತು ಆ ಹೊಸ ಗಡಿಗಳ ಮೇಲೆ ಮೊದಲು ಮತ ಹಾಕಿದ ರಾಜ್ಯ 2008ರ ಮೇ ತಿಂಗಳಿನ ನಮ್ಮ ಕರ್ನಾಟಕವೇ. ‘ಜನರ ಪರಸ್ಪರ ಸಂಬಂಧ’ ಎಂಬ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ. ಬ್ರಿಟನ್ನಿನ ಸಂಸತ್ ಕ್ಷೇತ್ರಗಳ ಕಾಯ್ದೆಯಲ್ಲಾದರೆ, ಗಡಿ ಬದಲಿಸುವಾಗ ಮುರಿದುಹೋಗಬಹುದಾದ ಸ್ಥಳೀಯ ನಂಟುಗಳನ್ನು ಪರಿಗಣಿಸಬಹುದೆಂದು ನೇರವಾಗಿಯೇ ಬರೆದಿದ್ದಾರೆ. ವೈಟ್ ದ್ವೀಪಕ್ಕೆ ಜನಸಂಖ್ಯೆಯ ನಿಯಮದಿಂದ ವಿನಾಯಿತಿ ಕೊಟ್ಟು, ಅದರ ಯಾವ ಭಾಗವೂ ಸಮುದ್ರ ದಾಟಿ ಬೇರೆ ಕ್ಷೇತ್ರಕ್ಕೆ ಸೇರದಂತೆ ಎರಡು ಸ್ಥಾನಗಳನ್ನು ಇಟ್ಟಿದ್ದಾರೆ. ನಮ್ಮಲ್ಲಿ ಅದೇ ಮಾತನ್ನು ‘ಸಂಚಾರ ಸೌಕರ್ಯ’, ‘ಸಾರ್ವಜನಿಕರ ಅನುಕೂಲ’ ಎಂಬ ಎರಡು ಪದಗಳೊಳಗೆ ಹಾಕಿ ವಾದಿಸಬೇಕಾಗುತ್ತದೆ.

ಇನ್ನು ಹೊನ್ನಾವರ ಒಡೆದದ್ದು ಏಕೆ ಎಂಬ ಲೆಕ್ಕ. 2011ರ ಜನಗಣತಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳು ತಲಾ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲಿವೆ. ರಾಜ್ಯದ 6.11 ಕೋಟಿ ಜನರನ್ನು 224 ಸ್ಥಾನಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ. ಮೂರು ತಾಲೂಕು, ಎರಡು ಕ್ಷೇತ್ರ; ನಡುವೆ ಇರುವ ತಾಲೂಕು ಸೀಳುವುದು ಅನಿವಾರ್ಯ, ಮತ್ತು ನಡುವೆ ಇರುವುದು ಹೊನ್ನಾವರ. ಭಟ್ಕಳವನ್ನೂ ಹೊನ್ನಾವರವನ್ನೂ ಇಡಿಯಾಗಿ ಸೇರಿಸೋಣವೆಂದರೆ ಮೂರು ಲಕ್ಷ ದಾಟುತ್ತದೆ, ಕಳೆದ ಆಯೋಗ ಇಟ್ಟುಕೊಂಡಿದ್ದ ಶೇಕಡಾ 10ರ ಅಂತರವನ್ನು ಮೀರುತ್ತದೆ. ಆಗ ಕುಮಟಾ ಬಡಗಣ ಅಂಕೋಲೆಯೊಂದಿಗೆ ಹೋಗಬೇಕು, ಕಾರವಾರ ಒಂಟಿಯಾಗಿ ಉಳಿಯುತ್ತದೆ, ಘಟ್ಟ ಹತ್ತಿ ಜೋಯಿಡಾವನ್ನು ತಂದು ಕಟ್ಟಿದರೂ ಅದರ ಸಂಖ್ಯೆ ತುಂಬುವುದಿಲ್ಲ. ಒಂದು ತುದಿಯಲ್ಲಿ ಎಳೆದರೆ ಚಾಪೆ ಇನ್ನೊಂದು ತುದಿಯಲ್ಲಿ ಸರಿಯುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ನನಗೆ ಬೇರೊಂದಿದೆ. 2001ರಲ್ಲಿ ಜಿಲ್ಲೆಯ 13.53 ಲಕ್ಷ ಜನರಿಗೆ ಅಂದಿನ ಸರಾಸರಿಯಂತೆ 5.7 ಪಾಲು ಬರುತ್ತಿತ್ತು, ಆರು ಸ್ಥಾನ ಉಳಿಯಿತು, 2011ರ 14.37 ಲಕ್ಷವನ್ನು ಅದೇ ಲೆಕ್ಕಕ್ಕೆ ಹಾಕಿದರೆ ಪಾಲು 5.3ಕ್ಕೆ ಇಳಿಯುತ್ತದೆ. ರಾಜ್ಯದ ಒಟ್ಟು ಸ್ಥಾನಗಳು ಹೆಚ್ಚದಿದ್ದರೆ ನಮ್ಮ ಜಿಲ್ಲೆ ಒಂದು ಸ್ಥಾನವನ್ನೇ ಕಳೆದುಕೊಳ್ಳಬಹುದು, ಆಗ ಇನ್ನೂ ಹೆಚ್ಚು ತಾಲೂಕುಗಳು ಸೀಳುತ್ತವೆ.

ಆದ್ದರಿಂದ ‘ತಾಲೂಕನ್ನು ಒಡೆಯಬೇಡಿ’ ಎಂದಷ್ಟೇ ಬರೆದ ಮನವಿ ಕಡತದಲ್ಲಿ ಮಲಗುತ್ತದೆ. ಒಡೆಯಲೇಬೇಕಾದರೆ ಎಲ್ಲಿ ಒಡೆಯಬೇಕು ಎಂಬುದನ್ನು ಊರ ಹೆಸರು, ಜನಸಂಖ್ಯೆಗಳ ಸಮೇತ ನಾವೇ ತೋರಿಸಬೇಕು. ಒಂದು ಗ್ರಾಮವನ್ನು ಈಚೆಗೆ ಕೇಳಿದರೆ ಅದರ ಬದಲಿಗೆ ಯಾವ ಗ್ರಾಮ ಆಚೆಗೆ ಹೋಗಬಹುದೆಂಬುದನ್ನೂ ಹೇಳಬೇಕು. ನಕ್ಷೆ ನೋಡುವವರು ಹೊಳೆಯನ್ನು ಗಡಿಯೆಂದು ತಿಳಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಹೊಳೆಯೇ ಎರಡು ದಡಗಳನ್ನು ಹೊಲಿಯುವ ದಾರ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ಕೆಲವೇ ನಿಮಿಷ, ರಸ್ತೆಯಲ್ಲಿ ಸುತ್ತಿದರೆ ಅರ್ಧ ತಾಲೂಕು. ಕಗ್ಗ ಭತ್ತ ಬೆಳೆಯುವ ಗಜನಿಯಲ್ಲಿ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಬಯಲಿನಲ್ಲಿ, ಕಟ್ಟೆ ಒಡೆದರೆ ಉಪ್ಪುನೀರು ನುಗ್ಗುವುದು ಒಬ್ಬರ ಗದ್ದೆಗಲ್ಲ, ಇಡೀ ಬಯಲಿಗೆ. ಆ ಕಟ್ಟೆಯ ಹಂಗಿನಲ್ಲಿರುವ ಊರುಗಳೆಲ್ಲ ಒಂದೇ ಪ್ರತಿನಿಧಿಯ ಕೈಕೆಳಗೆ ಇರುವುದು ಒಳ್ಳೆಯದು. ಇಂಥ ಸಂಗತಿಗಳನ್ನು ದಿಲ್ಲಿಯಿಂದ ಬಂದವರಿಗೆ ನಾವು ಹೇಳದೆ ಮತ್ತಾರೂ ಹೇಳುವುದಿಲ್ಲ.

ಹೇಳುವ ಸಮಯ ಕರಡು ಪ್ರಕಟವಾದಾಗ. ಕರಡು ಗೆಜೆಟ್ಟಿನಲ್ಲಿ ಬಂದ ಮೇಲೆ ಆಕ್ಷೇಪಣೆಗೆ ಗಡುವು ಇರುತ್ತದೆ, ಬಹಿರಂಗ ಸಭೆಗಳೂ ನಡೆಯುತ್ತವೆ. ರಾಜ್ಯದ ಐವರು ಸಂಸದರು, ಐವರು ಶಾಸಕರು ಆಯೋಗದ ಸಹಸದಸ್ಯರಾಗಿರುತ್ತಾರೆ. ಅವರಿಗೆ ಮತವಿಲ್ಲವಾದರೂ ಭಿನ್ನಾಭಿಪ್ರಾಯ ಬರೆಯುವ ಅಧಿಕಾರವಿದೆ. ಅಂತಿಮ ಆದೇಶ ಪ್ರಕಟವಾದರೆ ಅದಕ್ಕೆ ಕಾನೂನಿನ ಬಲ ಬರುತ್ತದೆ, ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ಕಾಯ್ದೆಯೇ ಹೇಳುತ್ತದೆ.

ನಿಮ್ಮ ಕೇರಿಯ ಕತೆಗೆ ಪರಿಹಾರ ಇನ್ನೂ ಹತ್ತಿರದಲ್ಲಿದೆ. ಗ್ರಾಮ ಪಂಚಾಯತದಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ, ಮತ್ತು ಒಂದೇ ವಾರ್ಡಿನಿಂದ ಇಬ್ಬರು ಮೂವರನ್ನು ಆರಿಸುವ ಪದ್ಧತಿ ನಮ್ಮಲ್ಲಿದೆ. ಕೇರಿಯನ್ನು ಸೀಳುವ ಬದಲು ಎರಡು ವಾರ್ಡುಗಳನ್ನು ಕೂಡಿಸಿ ಇಬ್ಬರು ಸದಸ್ಯರ ಒಂದು ವಾರ್ಡು ಮಾಡಿರೆಂದು ಜಿಲ್ಲಾಧಿಕಾರಿಗಳಿಗೆ ಬರೆಯಿರಿ.

ಘಟ್ಟದ ಮೇಲಿನವಳು (ಶಿರಸಿ) ಬರೆದದ್ದು:

ತಲಾಟಿಯವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಆಡಳಿತ ಗಡಿಯನ್ನು ಬಿಟ್ಟುಕೊಡಲು ಅಷ್ಟು ಬೇಗ ಸಿದ್ಧರಾಗಬಾರದು ಎಂಬುದು ನನ್ನ ಅಭಿಪ್ರಾಯ. ನನ್ನ ತವರು ಬನವಾಸಿ. ಅದು ಶಿರಸಿ ತಾಲೂಕಿನದು, ವಿಧಾನಸಭೆಗೆ ಮಾತ್ರ 2008ರಿಂದ ಯಲ್ಲಾಪುರ ಕ್ಷೇತ್ರ. ಸಂತೆ, ಕಾಲೇಜು, ಅಡಿಕೆ ವ್ಯಾಪಾರ, ಆಸ್ಪತ್ರೆ ಎಲ್ಲವೂ ಶಿರಸಿಯಲ್ಲಿ. ಕ್ಷೇತ್ರದ ಹೆಸರು ಹೊತ್ತ ಊರಿಗೆ ಬಸ್ಸಿನಲ್ಲಿ ಹೋಗಬೇಕಾದರೂ ನಾವು ಸಾಮಾನ್ಯವಾಗಿ ಶಿರಸಿಗೆ ಬಂದೇ ಮುಂದಿನ ಬಸ್ಸು ಹಿಡಿಯುತ್ತೇವೆ. ತಹಶೀಲ್ದಾರರನ್ನು ಕಾಣಲು ಒಂದು ದಿಕ್ಕು, ಶಾಸಕರ ಕಚೇರಿಗೆ ಇನ್ನೊಂದು ದಿಕ್ಕು. ನಮ್ಮ ಅಣ್ಣನಂಥ ಬೇಸಾಯಗಾರನಿಗೆ ಅದು ಎರಡು ದಿನದ ಕೆಲಸ ಹಾಳಾಗುವ ಮಾತು.

ತಾಲೂಕು ಎರಡು ಕಡೆ ಹಂಚಿದರೆ ಇಬ್ಬರು ಶಾಸಕರ ಅನುದಾನ ಬರುತ್ತದೆ, ಒಳ್ಳೆಯದೇ ಎನ್ನುವವರಿದ್ದಾರೆ. ಇಬ್ಬರಿಗೂ ನಾವು ಕ್ಷೇತ್ರದ ಅಂಚಿನವರಾಗಿದ್ದರೆ ಆ ಲಾಭ ಕೈಗೆ ಸಿಗುವುದಿಲ್ಲವೆಂದು ಅನುಭವದಿಂದ ಹೇಳುತ್ತೇನೆ.

ಇನ್ನೊಂದು ಎಚ್ಚರಿಕೆ. ‘ಸಮುದಾಯವನ್ನು ಒಟ್ಟಿಗೆ ಇಡಿ’ ಎಂದು ಮನವಿಯಲ್ಲಿ ಬರೆದರೆ ಓದುವವರು ಜಾತಿ ಎಂದೇ ತಿಳಿಯುತ್ತಾರೆ, ಏಕೆಂದರೆ ಕನ್ನಡದಲ್ಲಿ ಆ ಪದಕ್ಕೆ ಈಗ ಆ ಅರ್ಥವೇ ಗಟ್ಟಿಯಾಗಿದೆ. ಒಂದು ಜಾತಿಯ ಮನೆಗಳನ್ನೆಲ್ಲ ಒಂದೇ ಗೆರೆಯೊಳಗೆ ತುಂಬುವುದು ನಮ್ಮ ಉದ್ದೇಶವಾಗಬಾರದು. ಆದರೂ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳಂತಹ ಸಣ್ಣ ಜನಸಂಖ್ಯೆಯವರ ವಿಷಯ ಬೇರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಅವರ ಮನೆಗಳು ಎರಡು ಕ್ಷೇತ್ರಗಳಲ್ಲಿ ಚದುರಿವೆ. ಅವರ ಹಾಡಿಯ ನಡುವೆ ಪಂಚಾಯತ ವಾರ್ಡಿನ ಗೆರೆಯೂ ಹಾದರೆ ಅವರ ಮತಕ್ಕೆ ತೂಕವೇ ಉಳಿಯುವುದಿಲ್ಲ. ಆದ್ದರಿಂದ ನೆರೆಹೊರೆ, ಸಂತೆ, ಶಾಲೆ, ನೀರು, ದಾರಿ ಎಂಬ ಪದಗಳನ್ನೇ ಬಳಸಿರಿ.

ಅಂಕೋಲೆಯ ಮಾಸ್ತರ ಬರೆದದ್ದು:

ಹೆಸರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 1930ರ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಗೆ 2008ರ ತನಕ ತನ್ನದೇ ಹೆಸರಿನ ಕ್ಷೇತ್ರವಿತ್ತು. ಪುನರ್ವಿಂಗಡಣೆಯಲ್ಲಿ ಅದು ಅಳಿಯಿತು, ತಾಲೂಕು ಕಾರವಾರ ಕ್ಷೇತ್ರಕ್ಕೆ ಸೇರಿತು. ಸೇರಿದ್ದಕ್ಕೆ ನನ್ನ ತಕರಾರಿಲ್ಲ. ಎರಡೂ ತಾಲೂಕುಗಳು ಇಡಿಯಾಗಿಯೇ ಇವೆ, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟು ಬಂದವರು ಎರಡೂ ಕಡೆ ಇದ್ದಾರೆ, ಅವರ ಪರಿಹಾರದ ಹೋರಾಟ ಒಂದೇ. ಆದರೆ ಅದೇ ಆಯೋಗ ಅದೇ ಆದೇಶದಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾ ಕ್ಷೇತ್ರವನ್ನು ತೆಗೆದಾಗ ಹೊಸ ಕ್ಷೇತ್ರಕ್ಕೆ ‘ಚಿಕ್ಕೋಡಿ-ಸದಲಗಾ’ ಎಂದು ಹೆಸರಿಟ್ಟಿತು. ಲೋಕಸಭೆಗೆ ‘ಉಡುಪಿ-ಚಿಕ್ಕಮಗಳೂರು’ ಬಂತು. ಅಲ್ಲಿ ಸಾಧ್ಯವಾದ ಜೋಡಿ ಹೆಸರು ‘ಕಾರವಾರ-ಅಂಕೋಲಾ’ಕ್ಕೆ ಏಕೆ ಸಾಧ್ಯವಾಗಬಾರದು? ಇದಕ್ಕೆ ಒಂದು ಗ್ರಾಮವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ, ಜನಸಂಖ್ಯೆಯ ಲೆಕ್ಕವನ್ನು ಮುಟ್ಟಬೇಕಾಗಿಲ್ಲ.

ನಮ್ಮ ಲೋಕಸಭಾ ಕ್ಷೇತ್ರವನ್ನೇ ನೋಡಿರಿ. 2008ರವರೆಗೆ ‘ಕೆನರಾ’ ಎಂದಿದ್ದದ್ದು ‘ಉತ್ತರ ಕನ್ನಡ’ವಾದಾಗ ನಮಗೆ ಸಂತೋಷವಾಯಿತು. ಆದರೆ ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಯವು. ಕಿತ್ತೂರಿನ ಮತದಾರನು ತನ್ನದಲ್ಲದ ಜಿಲ್ಲೆಯ ಹೆಸರಿನಲ್ಲಿ ಸಂಸದನನ್ನು ಆರಿಸುತ್ತಾನೆ. ನಮ್ಮ ಹೆಸರಿಗಾಗಿ ಕೇಳುವಾಗ ಅವರದನ್ನೂ ನೆನೆಯುವುದು ನ್ಯಾಯ.

ಗಡಿಯ ವಿಷಯದಲ್ಲಿಯೂ ಒಂದು ಮಾತಿದೆ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು (ಕೇರಿಗಳು) ಇಂದಿಗೂ ಸೀಮೆಗಳಲ್ಲಿ ಗುಂಪುಗೂಡಿವೆ. ಊರಗೌಡನ ಮೇಲೆ ಸೀಮೆಗೌಡನಿರುತ್ತಾನೆ, ನ್ಯಾಯ ಪಂಚಾಯಿತಿಗೆ ಯಾರು ಯಾರೊಂದಿಗೆ ಕೂರಬೇಕೆಂಬುದು ಎಲ್ಲರಿಗೂ ಗೊತ್ತು. ಆ ಸೀಮೆಗಳನ್ನು ಚುನಾವಣೆಗೆ ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲವಾದರೂ, ಜನ ತಮ್ಮ ನೆಲವನ್ನು ಹೇಗೆ ವಿಂಗಡಿಸಿಕೊಂಡಿದ್ದರು ಎಂಬುದಕ್ಕೆ ಅವು ಸಾಕ್ಷಿ.

ಶರಾವತಿ ದಡದವ ಮರಳಿ ಬರೆದದ್ದು:

ತಲಾಟಿಯವರಿಗೆ, ಅಕ್ಕನಿಗೆ, ಮಾಸ್ತರರಿಗೆ ಋಣಿಯಾಗಿದ್ದೇನೆ. ಇಬ್ಬರು ಸದಸ್ಯರ ವಾರ್ಡಿನ ದಾರಿ ನನಗೆ ತೋಚಿರಲೇ ಇಲ್ಲ. ನಿನ್ನೆ ಸಂಜೆ ಚಿಕ್ಕಪ್ಪನೊಡನೆ ಕೂತು ಎರಡೂ ವಾರ್ಡುಗಳ ಮತದಾರರ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಆ ಸಂಕ ದಾಟಿ ಓಡಾಡುವ ಮನೆಗಳಿಗೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆವು: ಈಚೆಗೆ 31, ಆಚೆಗೆ 27. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಗೆ ಈ 58 ಮನೆಯವರ ಸಹಿಯನ್ನೂ ನಮ್ಮದೇ ಕೈನಕ್ಷೆಯನ್ನೂ ಲಗತ್ತಿಸುತ್ತೇವೆ. ವಿಧಾನಸಭೆಯ ಕರಡು ಬರುವ ಮೊದಲು ತಾಲೂಕಿನ ಎಲ್ಲ ಗ್ರಾಮಗಳ ಜನಸಂಖ್ಯೆಯನ್ನು ಜಿಲ್ಲಾ ಜನಗಣತಿ ಕೈಪಿಡಿಯಿಂದ ಇಳಿಸಿಕೊಳ್ಳಬೇಕು. ಹೊನ್ನಾವರ ಸೀಳಲೇಬೇಕಾದರೆ ಎಲ್ಲಿ ಎಂಬುದನ್ನು ಅದನ್ನು ಮುಂದಿಟ್ಟುಕೊಂಡು ಬರೆಯುತ್ತೇನೆ. ಹೆಸರು ಜೋಡಿಯಾಗಿರಲಿ ಎಂಬ ಬೇಡಿಕೆ ಮನವಿಯ ಎರಡನೆಯ ಪುಟದಲ್ಲಿ ಬರುತ್ತದೆ. ತಲಾಟಿಯವರೇ, ಗ್ರಾಮಗಳ ಗಡಿ ಕಾಣುವ ತಾಲೂಕಾ ನಕ್ಷೆಯನ್ನು ನೋಡಲು ತಮಗೆ ಬಿಡುವಿದ್ದರೆ ಮುಂದಿನ ರವಿವಾರ ಕುಮಟೆಗೇ ತರುತ್ತೇನೆ.