ರಿಮೋಟ್ ಎಟುಕದ ಬಾಣಂತಿ

ಹಾಸ್ಟೆಲ್ ದಿನಗಳಿಂದಲೂ ನಾವು ಗೆಳತಿಯರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು. ಹೋದ ಭಾನುವಾರ ಅರಸೀಕೆರೆ, ಸಕಲೇಶಪುರ ಇಬ್ಬರೂ ಮಗು ನೋಡಲು ಹಾಸನಕ್ಕೆ, ನಮ್ಮ ಅಮ್ಮನ ಮನೆಗೆ ಬಂದರು. ಅರಸೀಕೆರೆಗೆ ಇಬ್ಬರು ಮಕ್ಕಳು, ಹಾಗಾಗಿ ಎಲ್ಲ ಗೊತ್ತು. ಸಕಲೇಶಪುರಕ್ಕೆ ಇನ್ನೂ ಮದುವೆಯಾಗಿಲ್ಲ, ಹಾಗಾಗಿ ಇನ್ನೂ ಜಾಸ್ತಿ ಗೊತ್ತು.

ನಾನು ಗೋಡೆಗೆ ಒರಗಿ ಮಗುವಿಗೆ ಹಾಲು ಕುಡಿಸುತ್ತಿದ್ದೆ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಮೈಯೆಲ್ಲ ಸಾಂಬ್ರಾಣಿ ಹೊಗೆ. ಎದುರಿಗೆ ಟಿವಿ ಓಡುತ್ತಿತ್ತು. ಸದ್ದಿಲ್ಲ.

"ಇದೇನೇ, ಮೂಕಿ ಸಿನಿಮಾ?" ಅಂದಳು ಸಕಲೇಶಪುರ.

"ಸೌಂಡ್ ಕೊಟ್ಟರೆ ಮಗು ಬೆಚ್ಚುತ್ತೆ. ಕೊಟ್ಟರೂ ನನಗೆ ಕೇಳಿಸಲ್ಲ, ಹತ್ತಿ ಇದೆಯಲ್ಲ. ಸೀರಿಯಲ್‌ಗೆ ಸೌಂಡ್ ಯಾಕೆ ಬೇಕು? ಒಂದೇ ಮುಖ ಮೂರು ಸಲ ಹತ್ತಿರ ಬಂದರೆ ಯಾರೋ ಬಾಗಿಲಲ್ಲಿ ನಿಂತಿದ್ದಾರೆ ಅಂತ ಅರ್ಥ."

"ದಿನಕ್ಕೆ ಎಷ್ಟು ಹೊತ್ತು ನೋಡ್ತೀಯ?"

"ನಾನೆಲ್ಲಿ ನೋಡ್ತೀನಿ? ಇವನು ನೋಡಿಸ್ತಾನೆ."

ಸುಮ್ನೆ ಹೇಳಿದ ಮಾತಲ್ಲ. ಎಳೆ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಸಲಕ್ಕೆ ಅರ್ಧ ಗಂಟೆ ಹಿಡಿದರೂ ನಾಲ್ಕರಿಂದ ಆರು ಗಂಟೆ ಅಲುಗಾಡದೆ ಕೂರಬೇಕು. ನಮ್ಮೂರ ಹಾಸನಾಂಬೆ ವರ್ಷಕ್ಕೊಂದು ಸಲ ಬಾಗಿಲು ತೆಗೆಯುತ್ತಾಳೆ. ಇವನು ಎರಡು ಗಂಟೆಗೊಂದು ಸಲ ಬಾಯಿ ತೆಗೆಯುತ್ತಾನೆ. ದರ್ಶನಕ್ಕೆ ಪಾಸೂ ಇಲ್ಲ, ಕ್ಯೂ ಕೂಡ ಇಲ್ಲ.

ಕಷ್ಟ ಕೂರುವುದರದ್ದಲ್ಲ, ರಿಮೋಟಿನದ್ದು. ಮಗು ಬಾಯಿ ಹಾಕಿದ ಮೇಲೆ ನೆನಪಾಗುತ್ತದೆ, ಅದು ಆ ಕಡೆ ಕುರ್ಚಿ ಮೇಲಿದೆ ಅಂತ. ಕಾಲು ಚಾಚಿದರೆ ಹೆಬ್ಬೆರಳಿಗೆ ನಾಲ್ಕೇ ಇಂಚು ದೂರ. ಎದ್ದರೆ ಇವನು ಅಳುತ್ತಾನೆ, ಕೂಗಿದರೆ ಎಚ್ಚರಾಗುತ್ತಾನೆ. ಆಮೇಲೆ ಟಿವಿ ಏನು ತೋರಿಸುತ್ತೋ ಅದೇ ಪ್ರಸಾದ. ಮೊನ್ನೆ ಹೀಗೇ ಸಿಕ್ಕಿಹಾಕಿಕೊಂಡು ಆಲೂಗಡ್ಡೆಗೆ ಬೀಳುವ ಅಂಗಮಾರಿ ರೋಗದ ಬಗ್ಗೆ ಪೂರ್ತಿ ಕಾರ್ಯಕ್ರಮ ನೋಡಿದೆ. ಮೋಡ ಮುಚ್ಚಿದ ತೇವದ ಹವೆಯಲ್ಲಿ ಅದು ಹೇಗೆ ಎಲೆಯಿಂದ ಎಲೆಗೆ ಹಬ್ಬುತ್ತೆ ಅಂತ ನನ್ನನ್ನು ಕೇಳಿ. ಹುಟ್ಟಿದಾಗಿನಿಂದ ಹಾಸನದ ಆಲೂಗಡ್ಡೆ ತಿಂದಿದ್ದೆ, ಅದರ ಕಷ್ಟ ಕೇಳಿದ್ದು ಈಗಲೇ.

"ವಿಚಿತ್ರ ನೋಡು," ಅಂದಳು ಅರಸೀಕೆರೆ. "36,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಕೂತು ಇಸ್ರೋದವರು ಆಚೀಚೆ ಸರಿಸ್ತಾರೆ. ನೀನು ಅದೇ ಊರಲ್ಲಿ ಕೂತು ನಾಲ್ಕು ಇಂಚು ದೂರದ ರಿಮೋಟ್ ಎಳ್ಕೊಳ್ಳೋಕೆ ಆಗಲ್ಲ."

"ಅವರು ಎದೆಗೆ ಮಗು ಕಟ್ಟಿಕೊಂಡು ಮಾಡಲಿ, ನೋಡೋಣ."

ಅಷ್ಟರಲ್ಲಿ ಅಮ್ಮ ಮೆಂತ್ಯದ ಲಾಡು ತಂದಳು. ಟಿವಿ ಕಂಡಿದ್ದೇ ತಡ, ಶುರು. ಬಾಣಂತಿ ಟಿವಿ ನೋಡಬಾರದು, ಕಣ್ಣು ಸೋಲುತ್ತೆ. ನಮ್ಮ ಕಾಲದಲ್ಲಿ ನಾವು ಗೋಡೆ ನೋಡ್ಕೊಂಡೇ ಮೂರು ತಿಂಗಳು ಕಳೆದಿದ್ದೀವಿ. ಹಸು ಕೂಡ ಬೆದರಿದರೆ ಹಾಲು ಏರಿಸಿಕೊಳ್ಳುತ್ತೆ. ಸೀರಿಯಲ್‌ನಲ್ಲಿ ಅತ್ತೆ ಪಾಯಸಕ್ಕೆ ವಿಷ ಹಾಕ್ತಾ ಇದ್ರೆ ಇವಳಿಗೆ ಹಾಲು ಎಲ್ಲಿಂದ ಬರಬೇಕು?

ನಾವು ನಗುತ್ತಿದ್ದರೆ ಅರಸೀಕೆರೆ ನಗಲಿಲ್ಲ. "ಕಣ್ಣಿನ ಮಾತು ಬಿಡಿ ಅಮ್ಮ, ಹಸುವಿನ ಮಾತು ಮಾತ್ರ ನಿಜ. ಹಾಲು ಇಳಿಸೋದು ಆಕ್ಸಿಟೋಸಿನ್ ಅನ್ನೋ ಹಾರ್ಮೋನು. ಗಾಬರಿಯಾದರೆ ಅದು ಹಿಂದೇಟು ಹಾಕುತ್ತೆ."

ಅಮ್ಮನಿಗೆ ಹಾರ್ಮೋನಿನ ಹೆಸರು ಬೇಕಿರಲಿಲ್ಲ, ಗೆದ್ದಿದ್ದು ಸಾಕಿತ್ತು. ಅವಳಿಗೆ ಇನ್ನೂ ಒಂದು ಲಾಡು ಜಾಸ್ತಿ ಕೊಟ್ಟಳು.

ನಾನು ಹೇಳದೆ ಬಿಟ್ಟಿದ್ದು ಬೇರೆಯೇ ಇದೆ. ಅಮ್ಮ ಆ ಕಡೆ ಹೋದ ಮೇಲೆ ಮೆಲ್ಲಗೆ ಹೇಳಿದೆ. ಹೋದ ವಾರ ಸೀರಿಯಲ್‌ನಲ್ಲಿ ಒಂದು ಮಗು ಅತ್ತಿತು. ಅವತ್ತು ಸ್ವಲ್ಪ ಸೌಂಡ್ ಇತ್ತು, ಹತ್ತಿ ಜಾರಿತ್ತು. ನನ್ನ ಮಗ ತೊಟ್ಟಿಲಲ್ಲಿ ಗೊರಕೆ ಹೊಡೆಯುತ್ತಿದ್ದ. ನನಗೆ ಮಾತ್ರ ಹಾಲು ಇಳಿದು ನೈಟಿಯೆಲ್ಲ ಒದ್ದೆ! ಮಗುವಿನ ಅಳು ಕೇಳಿದರೆ ಸಾಕು, ಯಾರ ಮಗು ಅಂತ ಮೈ ವಿಚಾರಿಸುವುದಿಲ್ಲವಂತೆ. ಅದೂ ಅದು ನಿಜವಾದ ಮಗುವೇ? ಬಟ್ಟೆ ಸುತ್ತಿದ ಒಂದು ಗಂಟು. ಮುಖ ಒಂದು ದಿನವೂ ತೋರಿಸಿಲ್ಲ.

ಸಕಲೇಶಪುರ ಲಾಡು ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಮಗು ಒಂದು ಕಣ್ಣು ಬಿಟ್ಟು ನೋಡಿತು. ಮೂವರೂ ಉಸಿರು ಬಿಗಿಹಿಡಿದೆವು. ಮತ್ತೆ ಮುಚ್ಚಿತು.

"ಇವನೂ ನೋಡ್ತಾನಾ?"

"ಹುಟ್ಟಿದ ಹೊಸದರಲ್ಲಿ 20–30 ಸೆಂಟಿಮೀಟರ್ ಆಚೆ ಎಲ್ಲ ಮಂಜು ಮಂಜು," ಅಂದಳು ಅರಸೀಕೆರೆ. "ಅಮ್ಮನ ಮುಖದವರೆಗೆ ಅಷ್ಟೇ. ಆದರೆ ಸ್ವಲ್ಪ ದೊಡ್ಡವನಾಗಲಿ, ಬಾಯಿ ಬಿಡದೆ ಕತ್ತು ಮಾತ್ರ ಟಿವಿ ಕಡೆ ತಿರುಗಿಸ್ತಾನೆ. ಆಗ ನಿನಗೇ ಗೊತ್ತಾಗುತ್ತೆ! ವರ್ಷ ತುಂಬದ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ."

"ಅಷ್ಟರೊಳಗೆ ಆ ಸೀರಿಯಲ್ ಹುಡುಗಿಗೆ ಹೆರಿಗೆ ಆದರೆ ಸಾಕು," ಅಂದೆ. ನನಗೆ ಅದೇ ಚಿಂತೆ. ಅವಳಿಗೆ ವಾಂತಿ ಶುರುವಾಗಿದ್ದು ನನಗಿಂತ ಎರಡು ತಿಂಗಳು ಮುಂಚೆ. ನನ್ನ ಸೀಮಂತ ಆಯಿತು, ಹೆರಿಗೆ ಆಯಿತು, ನಾಮಕರಣವೂ ಮುಗಿಯಿತು. ಅವಳಿನ್ನೂ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತಿದ್ದಾಳೆ. ಕೆಳಗಿನ ಮೆಟ್ಟಿಲಿಗೆ ನಾದಿನಿ ಎಣ್ಣೆ ಸುರಿದು ಹನ್ನೊಂದು ದಿನ ಆಯಿತು.

"ಬಿದ್ದಳಾ?"

"ಗೊತ್ತಿಲ್ಲ. ಶುಕ್ರವಾರ ಇವನು ಬೇಗ ಕುಡಿದು ಮಲಗಿಬಿಟ್ಟ. ಅಮ್ಮ ಟಿವಿ ಆರಿಸಿದಳು."

ಆರೂವರೆಗೆ ಗೆಳತಿಯರು ಬಸ್ಸಿಗೆ ಹೊರಟರು. ಹೋಗುವ ಮುಂಚೆ ಸಕಲೇಶಪುರ ರಿಮೋಟ್ ತಂದು ನನ್ನ ದಿಂಬಿನ ಕೆಳಗೆ ಇಟ್ಟಳು, ಕಾಣಿಕೆ ಇಟ್ಟ ಹಾಗೆ. ಮಗು ಗಾಢ ನಿದ್ದೆಯಲ್ಲಿತ್ತು. ನಾನೂ ಕಣ್ಣು ಮುಚ್ಚಿದೆ.

ಏಳಕ್ಕೆ ಐದು ನಿಮಿಷ ಇರುವಾಗ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಗಡಿಯಾರ ನೋಡಿದಳು. ತೊಟ್ಟಿಲು ನೋಡಿದಳು. ಕುರ್ಚಿ ಎಳೆದು ಟಿವಿ ಎದುರಿಗೆ ಕೂತಳು.

"ಪಾಪ, ಕೂಸಿಗೆ ಹಸಿವಾಗಿರುತ್ತೆ," ಅಂದಳು. "ಎಬ್ಬಿಸೇ. ರಿಮೋಟ್ ಎಲ್ಲಿಟ್ಟೆ?"