ಕ್ಯಾಮ್‌ಶಾಫ್ಟ್ ಬದಲಾಯಿಸಿದ್ಮೇಲೆ ಟೈಮಿಂಗ್ ಬೆಲ್ಟ್ ಟೆನ್ಶನ್ ಹೆಂಗ್ ನೋಡೋದು?

ಹಳೇಗಾಡಿ: ಮನೇಲೇ ಎರಡೂ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸೋ ಶಾಫ್ಟ್) ಬದಲಾಯಿಸ್ದೆ, 16 ವಾಲ್ವ್ ಪೆಟ್ರೋಲ್ ಇಂಜಿನ್, ಅದನ್ನ ತಿರುಗ್ಸೋ ಟೈಮಿಂಗ್ ಬೆಲ್ಟೂ ಹಾಕಾಯ್ತು, ಪುಲ್ಲಿ ಮೇಲಿನ ಟೈಮಿಂಗ್ ಮಾರ್ಕ್ ಎಲ್ಲಾ ನೇರಕ್ಕೆ ಕೂತಿದೆ ಆದ್ರೆ ಎರಡು ಕ್ಯಾಮ್ ಪುಲ್ಲಿ ಮಧ್ಯೆ ಬೆಲ್ಟ್ ಕಲ್ಲಿನಂಗೆ ಬಿಗಿ, ಟೆನ್ಶನರ್ (ಬೆಲ್ಟ್ ಬಿಗಿ ಹಿಡಿಯೋ ರೋಲರ್) ಕಡೆ ಒತ್ತಿದ್ರೆ ಲೂಸ್ ಅನ್ಸತ್ತೆ, ಹಿಂಗೇ ಸ್ಟಾರ್ಟ್ ಮಾಡ್ಬಹುದಾ?

ಗ್ಯಾರೇಜ್ ಮಾವ: ಬೇಡ ಮಾರಾಯ, ಕೀ ಮುಟ್ಬೇಡ! ಸ್ಪಾರ್ಕ್ ಪ್ಲಗ್ ತೆಗ್ದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗ್ಸೋ ಮುಖ್ಯ ಶಾಫ್ಟ್) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗೋ ದಿಕ್ಕಲ್ಲೇ ನಿಧಾನಕ್ಕೆ 2 ಸುತ್ತು ತಿರುಗ್ಸು, ಆಗ ಕ್ಯಾಮ್ 1 ಸುತ್ತು ಆಗತ್ತೆ, ಮಾರ್ಕ್ ಮತ್ತೆ ಕೂರ್ಬೇಕು. ಎಲ್ಲಾದ್ರೂ ಗಟ್ಟಿಯಾಗಿ ತಡೀತು ಅಂದ್ರೆ ಅಲ್ಲೇ ನಿಲ್ಸು, ವಾಲ್ವ್ ಪಿಸ್ಟನ್ನಿಗೆ ತಾಗ್ತಿರಬಹುದು. ವಾಲ್ವ್ ಸ್ಪ್ರಿಂಗು ಕ್ಯಾಮನ್ನ ಒಂದ್ಕಡೆ ತಳ್ತಾ ಇರತ್ತೆ, ಅದ್ಕೇ ಸುತ್ತಿಸೋ ಮುಂಚೆ ನೋಡಿದ ಬಿಗಿ ಲೆಕ್ಕಕ್ಕಿಲ್ಲ.

ಹಳೇಗಾಡಿ: ಬೆಲ್ಟನ್ನ ಬೆರಳಲ್ಲಿ 90 ಡಿಗ್ರಿ ತಿರುಚಿ ನೋಡು ಅಂತಾರಲ್ಲ?

ಕರಾವಳಿ ಹುಡ್ಗ: ಅದು ಬರೀ ಅಂದಾಜು, ಎಲ್ಲಾ ಇಂಜಿನ್ನಿಗೂ ಆಗಲ್ಲ. ಟೆನ್ಶನರಲ್ಲಿ ಬಿಗಿ ತೋರ್ಸೋ ಮುಳ್ಳಿದ್ರೆ ಅದು ಗುರುತಿನ ನೇರಕ್ಕೆ ಬರ್ಬೇಕು, ಅದೂ ಇಂಜಿನ್ ತಣ್ಣಗಿದ್ದಾಗ. ನಾನು ಒಂದ್ಸಲ ಸೇಫ್ ಇರ್ಲಿ ಅಂತ ಜಾಸ್ತಿ ಬಿಗಿದೆ, ಕುಂಯ್ ಅಂತ ಸೌಂಡು ಶುರು, ಕೊನೆಗೆ ಅದೇ ಬೆಲ್ಟಲ್ಲಿ ತಿರುಗೋ ವಾಟರ್ ಪಂಪ್ ಬೇರಿಂಗೇ ಹೋಯ್ತು.

ಹಳೇಗಾಡಿ: 2 ಸುತ್ತು ಆದ್ಮೇಲೆ ಮುಳ್ಳು ಕೂದ್ಲಷ್ಟು ಕೆಳಗೆ ಬಂದಿತ್ತು, ಸರಿ ಮಾಡಿ ಮತ್ತೆ ಸುತ್ತಿಸ್ದೆ, ಈಗ ನೇರ ಇದೆ.